ದತ್ತು ಕಡತಕ್ಕೆ ಬೀಗ ಬಿದ್ದದ್ದು ಯಾವಾಗ? ತಿರುವನಂತಪುರದಿಂದ ಒಂದು ಕಥೆ

ಈ ವಾರದ ಮಾತಿನ ಬರಹ ರೂಪ ಇದು. ವಿಡಿಯೊ ನೋಡೋಕೆ ಪುರುಸೊತ್ತಿಲ್ಲದೆ ಕ್ಯಾಬ್‌ನಲ್ಲಿ, ಬಸ್ಸಲ್ಲಿ ಓದೋವರಿಗೆ ಅಂತ ಸ್ವಲ್ಪ ತಿದ್ದಿ ಹಾಕಿದ್ದೀನಿ.

ತಿರುವನಂತಪುರದ ಪಟ್ಟಂ ಅಂದ್ರೆ ಇಲ್ಲಿ ಕೆಲಸ ಮಾಡೋ ನಮ್ಮಂಥವರಿಗೆ ಟ್ರಾಫಿಕ್ಕು, ಪಿಎಸ್‌ಸಿ ಆಫೀಸು, ಆಸ್ಪತ್ರೆ. ಅದೇ ಪಟ್ಟಂನಲ್ಲಿ ಒಂದು ಅರಮನೆ ಇದೆ. ತಿರುವಾಂಕೂರು ರಾಜಮನೆತನದ ಉತ್ರಾಡಂ ತಿರುನಾಳ್ ಮಾರ್ತಾಂಡ ವರ್ಮ 2013ರಲ್ಲಿ ತೀರಿಕೊಳ್ಳೋ ತನಕ ಅಲ್ಲೇ ಇದ್ದರು. ದತ್ತು ವಿಷಯಕ್ಕೂ ಈ ಅರಮನೆಗೂ ಏನು ಸಂಬಂಧ ಅಂದ್ರೆ, ಅವರ ತಾಯಿ ಸೇತು ಪಾರ್ವತಿ ಬಾಯಿ ಈ ಮನೆತನದಲ್ಲಿ ಹುಟ್ಟಿದವರೇ ಅಲ್ಲ. 1900ರಲ್ಲಿ ದತ್ತು ಬಂದವರು.

ತಿರುವಾಂಕೂರಿನಲ್ಲಿ ರಾಜ್ಯ ಹೋಗ್ತಿದ್ದದ್ದು ಅಪ್ಪನಿಂದ ಮಗನಿಗಲ್ಲ, ಮಾವನಿಂದ ಸೋದರಳಿಯನಿಗೆ. ನಮ್ಮ ತುಳುನಾಡಿನ ಅಳಿಯಸಂತಾನ ಗೊತ್ತಿದ್ದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಮನೆಯಲ್ಲಿ ಹೆಣ್ಣುಮಕ್ಕಳಿಲ್ಲ ಅಂದ್ರೆ ವಂಶವೇ ನಿಂತುಹೋಗುತ್ತೆ. ಗಂಡುಮಗುವನ್ನ ದತ್ತು ತಗೊಂಡು ಪ್ರಯೋಜನ ಇಲ್ಲ, ಹೆಣ್ಣುಮಗುವೇ ಬೇಕು. 1857ರಲ್ಲಿ ಮಾವೇಲಿಕ್ಕರದಿಂದ ದತ್ತು ಬಂದ ಲಕ್ಷ್ಮೀ ಬಾಯಿಗೆ ಮಕ್ಕಳಾಗಲಿಲ್ಲ. 1900ರಲ್ಲಿ ಮತ್ತೆ ಮಾವೇಲಿಕ್ಕರದಿಂದಲೇ ಇಬ್ಬರು ಪುಟ್ಟ ಹುಡುಗಿಯರನ್ನ ತಂದರು: ಸೇತು ಲಕ್ಷ್ಮೀ ಬಾಯಿ, ಸೇತು ಪಾರ್ವತಿ ಬಾಯಿ. ಇಬ್ಬರೂ ಚಿತ್ರಕಾರ ರಾಜಾ ರವಿವರ್ಮನ ಮೊಮ್ಮಕ್ಕಳು. ಆತನ 'ದೇರ್ ಕಮ್ಸ್ ಪಾಪಾ' ಚಿತ್ರ ನೋಡಿದ್ದೀರಲ್ವಾ? ಮಗುವನ್ನ ಎತ್ತಿಕೊಂಡು ಪಕ್ಕಕ್ಕೆ ನೋಡ್ತಾ ನಿಂತ ಹೆಂಗಸು. ಆಕೆ ರವಿವರ್ಮನ ಹಿರಿಯ ಮಗಳು ಮಹಾಪ್ರಭಾ, ಸೇತು ಲಕ್ಷ್ಮೀ ಬಾಯಿಯ ಹೆತ್ತ ತಾಯಿ. ದತ್ತು ಹೋದ ಹುಡುಗಿಯ ಹೆತ್ತಮ್ಮ ಯಾರು ಅನ್ನೋದು ಲೋಕಕ್ಕೇ ಗೊತ್ತಿತ್ತು, ಪ್ರಿಂಟ್ ಆಗಿ ಮನೆಮನೆಗೂ ಹೋಗೋ ಅಷ್ಟು ಗೊತ್ತಿತ್ತು. ಅಂದಹಾಗೆ ಈ ಸೇತು ಲಕ್ಷ್ಮೀ ಬಾಯಿ 1924ರಿಂದ 1931ರ ತನಕ ತಿರುವಾಂಕೂರನ್ನ ಆಳಿದವರು. ಆಮೇಲೆ ಎಲ್ಲ ಬಿಟ್ಟು ನಮ್ಮ ಬೆಂಗಳೂರಿಗೆ ಬಂದು ನೆಲೆಸಿ, 1985ರಲ್ಲಿ ಅಲ್ಲೇ ತೀರಿಕೊಂಡರು. ನಾವು ಅಲ್ಲಿಂದ ಇಲ್ಲಿಗೆ ಬಂದ್ವಿ, ಅವರು ಇಲ್ಲಿಂದ ಅಲ್ಲಿಗೆ ಹೋದರು.

ಮೈಸೂರಿನದೂ ಇದೇ ಕಥೆ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನ ದತ್ತು ತಗೊಂಡರು. ಬ್ರಿಟಿಷರು ಮೊದಲು ಒಪ್ಪಲಿಲ್ಲ, 1867ರಲ್ಲಿ ಒಪ್ಪಿದರು, 1881ರಲ್ಲಿ ರಾಜ್ಯ ವಾಪಸ್ ಬಂತು. 2015ರ ಫೆಬ್ರವರಿಯಲ್ಲಿ ಯದುವೀರರ ದತ್ತು ಸ್ವೀಕಾರ ಟಿವಿಯಲ್ಲೇ ಬಂತು. ಹೆತ್ತವರು ಪಕ್ಕದಲ್ಲೇ ಇದ್ದರು.

ರಾಜರ ಮನೆ ಬಿಡಿ. ನಮ್ಮ ಊರುಗಳಲ್ಲಿ ಅಣ್ಣನ ಮಗನನ್ನ ತಮ್ಮ, ತಂಗಿ ಮಗನನ್ನ ಅಕ್ಕ ಇಟ್ಟುಕೊಂಡದ್ದು ಎಷ್ಟೋ ಇದೆ. "ಇವನು ಅವರ ಮನೆಯಿಂದ ದತ್ತು ಬಂದವನು" ಅಂತ ಊರೇ ಹೇಳುತ್ತೆ. ಧರ್ಮಶಾಸ್ತ್ರದ ದತ್ತಕದಲ್ಲಿ ಮುಖ್ಯ ಕ್ರಿಯೆ ಅಂದ್ರೆ ಕೊಡೋದು, ತಗೊಳ್ಳೋದು, ಅದೂ ನಾಲ್ಕು ಜನರ ಎದುರು. 'ದ್ವ್ಯಾಮುಷ್ಯಾಯಣ' ಅನ್ನೋ ಇನ್ನೊಂದು ಬಗೆ ಕೂಡ ಇತ್ತು. ಅಂದ್ರೆ ಇಬ್ಬರು ತಂದೆಯರ ಮಗ, ಎರಡೂ ಮನೆಯಲ್ಲಿ ಹಕ್ಕು, ಎರಡೂ ಕಡೆ ಪಿಂಡ ಇಡೋ ಜವಾಬ್ದಾರಿ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯಲ್ಲಿ ಈ ಹಳೆ ಯೋಚನೆಯ ಒಂದು ತುಣುಕು ಈಗಲೂ ಉಳಿದಿದೆ. ಅದರ 12ನೇ ಕಲಂ ಪ್ರಕಾರ ದತ್ತು ಹೋದ ಮಗು ಎಲ್ಲ ರೀತಿಯಲ್ಲೂ ಹೊಸ ಮನೆಯದು, ಆದರೆ ಹುಟ್ಟಿದ ಮನೆಯಲ್ಲೇ ಇದ್ದಿದ್ದರೆ ಯಾರನ್ನ ಮದುವೆ ಆಗೋ ಹಾಗಿರಲಿಲ್ಲವೋ ಅವರನ್ನ ಈಗಲೂ ಆಗೋ ಹಾಗಿಲ್ಲ. ಈ ಕಲಂ ಪಾಲಿಸಬೇಕಾದ್ರೆ ಹೆತ್ತವರು ಯಾರು ಅಂತ ಗೊತ್ತಿರಬೇಕು ತಾನೆ?

ಹಾಗಾದ್ರೆ ಬೀಗ ಬಿದ್ದದ್ದು ಯಾವಾಗ? ನನ್ನ ಓದಿನ ಪ್ರಕಾರ, ದತ್ತು ಅನ್ನೋದು ಎರಡು ಮನೆಗಳ ನಡುವಿನ ವ್ಯವಹಾರ ಆಗಿದ್ದದ್ದು, ಮನೆ ಮತ್ತು ಸಂಸ್ಥೆಯ ನಡುವಿನ ವ್ಯವಹಾರ ಆದಾಗ. ಅನಾಥಾಲಯಕ್ಕೆ ಬರೋ ಮಗುವಿನ ಹಿಂದೆ ಹೆಚ್ಚಾಗಿ ಇರೋದು ಮದುವೆಯಾಗದ ತಾಯಿ, ಅವಳ ಮನೆಯವರ ಮರ್ಯಾದೆಯ ಭಯ, ಇಲ್ಲಾಂದ್ರೆ ಕಡುಬಡತನ. ಗುಟ್ಟು ಬೇಕಿದ್ದದ್ದು ದೊಡ್ಡವರಿಗೆ. ಹೆತ್ತವಳಿಗೆ ಊರಲ್ಲಿ ಬದುಕಬೇಕಿತ್ತು. ಸಾಕುವವರಿಗೆ ಬಂಜೆತನದ ಮಾತು ಬೇಡವಾಗಿತ್ತು, ಮುಂದೊಂದು ದಿನ ಯಾರಾದ್ರೂ ಬಾಗಿಲು ತಟ್ಟಿ ಮಗು ಕೇಳಿದರೆ ಅನ್ನೋ ಹೆದರಿಕೆಯೂ ಇತ್ತು. ಮಗುವನ್ನ ಯಾರೂ ಕೇಳಲಿಲ್ಲ.

ಕಾನೂನು ಹೆಜ್ಜೆಹೆಜ್ಜೆಯಾಗಿ ಬಂತು. 1956ರ ಕಾಯಿದೆಗೆ 1962ರಲ್ಲಿ ತಿದ್ದುಪಡಿ ಆಗಿ, ಹೆತ್ತವರು ಯಾರು ಅಂತ ಗೊತ್ತಿಲ್ಲದ ಮಗುವನ್ನ ಪಾಲಕ ಸಂಸ್ಥೆ ಕೋರ್ಟ್ ಅನುಮತಿಯಿಂದ ದತ್ತು ಕೊಡಬಹುದು ಅಂತಾಯ್ತು. ಆದರೆ ಇದು ಹಿಂದೂಗಳಿಗೆ ಮಾತ್ರ. ಕೇರಳದಲ್ಲಿ ಕ್ರೈಸ್ತರು, ಮುಸ್ಲಿಮರು ಎಷ್ಟು ಜನ ಇದ್ದಾರೆ ಅಂತ ನಿಮಗೆ ಗೊತ್ತು. ಅವರಿಗೂ ವಿದೇಶಿಯರಿಗೂ ಇದ್ದದ್ದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯಿದೆ ಒಂದೇ. ಅದರಲ್ಲಿ ನೀವು ತಂದೆತಾಯಿ ಆಗೋದಿಲ್ಲ, ಪೋಷಕರು ಮಾತ್ರ. 1970, 80ರ ದಶಕದಲ್ಲಿ ಯುರೋಪ್, ಅಮೆರಿಕಕ್ಕೆ ಹೋದ ಮಕ್ಕಳು ಹೋದದ್ದು ಈ ದಾರಿಯಲ್ಲೇ. ಇಲ್ಲಿ ಪೋಷಕತ್ವದ ಆದೇಶ, ಅಲ್ಲಿ ಹೋಗಿ ದತ್ತು.

ಈ ವಿದೇಶಿ ದತ್ತುಗಳ ಅವ್ಯವಸ್ಥೆ ಬಗ್ಗೆ ಲಕ್ಷ್ಮೀಕಾಂತ್ ಪಾಂಡೆ ಅನ್ನೋ ವಕೀಲರು 1982ರಲ್ಲಿ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. 1984ರಲ್ಲಿ ನ್ಯಾಯಮೂರ್ತಿ ಭಗವತಿ ತೀರ್ಪು ಕೊಟ್ಟರು. ಇವತ್ತಿನ ಇಡೀ ವ್ಯವಸ್ಥೆಯ ಅಡಿಪಾಯ ಅದು. 1990ರಲ್ಲಿ ಬಂದ ಕೇಂದ್ರ ದತ್ತು ಸಂಸ್ಥೆ 'ಕಾರಾ' ಕೂಡ ಅದರ ಫಲವೇ. ಅದೇ ತೀರ್ಪಿನಲ್ಲಿ ನಮ್ಮ ವಿಷಯಕ್ಕೆ ಬೇಕಾದ ಒಂದು ಮಾತಿದೆ: ಮಗು ಪ್ರಾಯಕ್ಕೆ ಬಂದ ಮೇಲೆ ತನ್ನ ಹೆತ್ತವರ ಬಗ್ಗೆ ಕೇಳಿದರೆ, ಹೇಳೋದಕ್ಕೆ ದೊಡ್ಡ ಆಕ್ಷೇಪ ಇರಬೇಕಿಲ್ಲ ಅಂತ. ಬೀಗ ಹಾಕೋ ಹೊತ್ತಿಗೇ ಕೋರ್ಟು ಒಂದು ಕೀಲಿಯನ್ನೂ ತೋರಿಸಿತ್ತು. ಬಹಳ ವರ್ಷ ಅದನ್ನ ಯಾರೂ ಮುಟ್ಟಲಿಲ್ಲ, ಅಷ್ಟೇ.

ಈಗ ತೈಕಾಡ್‌ಗೆ ಬರೋಣ, ಪಟ್ಟಂನಿಂದ ಆಟೊದಲ್ಲಿ ಹೋಗಿಬರೋ ದೂರ. ಅಲ್ಲಿರೋದು ಕೇರಳ ರಾಜ್ಯ ಶಿಶುಕಲ್ಯಾಣ ಸಮಿತಿ. 2002ರ ನವೆಂಬರ್ 14ರಂದು ಅಲ್ಲಿ 'ಅಮ್ಮತ್ತೊಟ್ಟಿಲ್' ಶುರುವಾಯ್ತು. ಹೆಸರು ಕನ್ನಡದವರಿಗೆ ಹಾಗೇ ಅರ್ಥ ಆಗುತ್ತೆ, ಅಮ್ಮನ ತೊಟ್ಟಿಲು. ನಮ್ಮಲ್ಲೂ 'ಮಮತೆಯ ತೊಟ್ಟಿಲು' ಇದೆ. ಮಗುವನ್ನ ತೊಟ್ಟಿಲಲ್ಲಿ ಮಲಗಿಸಿ ಹೋದರೆ ಒಳಗೆ ಗಂಟೆ ಹೊಡೆಯುತ್ತೆ, ಸಿಬ್ಬಂದಿ ಬಂದು ಎತ್ತಿಕೊಳ್ತಾರೆ. ಯಾರು ಬಿಟ್ಟರು ಅಂತ ಯಾರೂ ಕೇಳಲ್ಲ. ಕೇಳದೇ ಇರೋದೇ ಅದರ ಉದ್ದೇಶ, ಇಲ್ಲಾಂದ್ರೆ ಆ ಮಗು ಕಸದ ತೊಟ್ಟಿಗೋ ಪೊದೆಗೋ ಹೋಗುತ್ತೆ. ಜೀವ ಉಳಿಯುತ್ತೆ, ಮೂಲ ಅಳಿಸಿಹೋಗುತ್ತೆ. ಮಗುವಿನ ಹೆಸರು ಕೂಡ ಸಮಿತಿಯವರೇ ಇಟ್ಟದ್ದು, ಎಷ್ಟೋ ಸಲ ಆ ದಿನದ ಸುದ್ದಿಯಿಂದ ಆರಿಸಿದ್ದು.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ 403 ಬೇರೆ, 404 ಬೇರೆ. ತಾಯಿ ಸಹಿ ಹಾಕಿ ಒಪ್ಪಿಸಿದ ಮಗುವಿನ ಕಡತದಲ್ಲಿ ಹೆಸರಿದೆ, ನಿಮಗೆ ಅನುಮತಿ ಇಲ್ಲ. ತೊಟ್ಟಿಲಲ್ಲಿ ಸಿಕ್ಕ ಮಗುವಿನ ಕಡತದಲ್ಲಿ ಆ ಹೆಸರೇ ಇಲ್ಲ. ಕಡತ ಸಿಕ್ಕಿದರೆ ಎಲ್ಲ ಸಿಕ್ಕಂತೆ ಅಂದುಕೊಂಡು ವರ್ಷಗಟ್ಟಲೆ ಹೋರಾಡಿ, ಕೊನೆಗೆ ಒಂದು ದಿನಾಂಕ, ಒಂದು ತೂಕ, ಒಂದು ಫೋಟೊ ಮಾತ್ರ ಕೈಗೆ ಬಂದಾಗ ಆಗೋ ಸಂಕಟ ದೊಡ್ಡದು. ಮೊದಲೇ ತಿಳಿದಿದ್ದರೆ ಒಳ್ಳೇದು.

ಇರೋ ಕಡತವೂ ಸರಿ ಇರುತ್ತೆ ಅಂತೇನಿಲ್ಲ. 2020ರ ಅಕ್ಟೋಬರ್‌ನಲ್ಲಿ ತಿರುವನಂತಪುರದ ಒಬ್ಬ ಯುವತಿಗೆ ಹುಟ್ಟಿದ ಮಗು ಇದೇ ಸಮಿತಿಯ ಕೈಗೆ ಬಂತು. ನನ್ನ ಒಪ್ಪಿಗೆ ಇಲ್ಲದೆ ನನ್ನ ಮನೆಯವರೇ ಮಗುವನ್ನ ಸಾಗಿಸಿದ್ರು ಅಂತ ಅವಳ ದೂರು. ಪೊಲೀಸು, ಆಫೀಸು ಅಂತ ತಿಂಗಳುಗಟ್ಟಲೆ ಅಲೆದಳು. ಅಷ್ಟರಲ್ಲಿ ಮಗು ದತ್ತು ಪೂರ್ವ ಪೋಷಣೆಗೆ ಅಂತ ಆಂಧ್ರದ ದಂಪತಿಯ ಮನೆ ಸೇರಿತ್ತು. 2021ರ ಅಕ್ಟೋಬರ್‌ನಲ್ಲಿ ಅವಳು ಬೀದಿಗಿಳಿದ ಮೇಲೆ ಫ್ಯಾಮಿಲಿ ಕೋರ್ಟು ದತ್ತು ಪ್ರಕ್ರಿಯೆ ತಡೆಯಿತು, ನವೆಂಬರ್‌ನಲ್ಲಿ ಮಗುವನ್ನ ವಾಪಸ್ ಕರೆತಂದರು, ಇಲ್ಲಿನ ರಾಜೀವ್ ಗಾಂಧಿ ಬಯೋಟೆಕ್ನಾಲಜಿ ಕೇಂದ್ರದಲ್ಲಿ ಡಿಎನ್‌ಎ ಪರೀಕ್ಷೆ ಆಯ್ತು, ನವೆಂಬರ್ 24ಕ್ಕೆ ಮಗು ತಾಯಿಯ ಕೈ ಸೇರಿತು. ಗಂಡುಮಗುವನ್ನ ಮೊದಲು ಹೆಣ್ಣು ಅಂತ ದಾಖಲಿಸಿದ್ದರು ಅಂತ ಆಗ ಪತ್ರಿಕೆಗಳಲ್ಲಿ ವರದಿಯಾಗಿತ್ತು. ಇದು ಒಂದು ವರ್ಷದ ಮೇಲೆ ಒಂದು ತಿಂಗಳಲ್ಲಿ, ಇಡೀ ರಾಜ್ಯ ನೋಡ್ತಿರುವಾಗ ನಡೆದದ್ದು. ಮೂವತ್ತು ವರ್ಷದ ಹಿಂದಿನ ಕಡತವೊಂದು ಹೀಗೇ ತಪ್ಪಿದ್ದರೆ ಗಮನಿಸೋರು ಯಾರು? ಆ ಆಂಧ್ರದ ದಂಪತಿಯ ನೋವನ್ನೂ ನಾನು ಸಣ್ಣದು ಅನ್ನಲ್ಲ.

ಆಫೀಸಿನಲ್ಲಿ ಒಬ್ಬ ಗೆಳೆಯ ಇದ್ದಾನೆ, ಕನ್ನಡದವನೇ, ದತ್ತು ಮಗ ಅಂತ ಅವನಿಗೆ ಚಿಕ್ಕಂದಿನಿಂದಲೂ ಗೊತ್ತು. ಕಳೆದ ವರ್ಷ ಎದೆನೋವು ಅಂತ ಹೋದಾಗ ಡಾಕ್ಟರ್ ಕೇಳಿದ್ದು, ನಿಮ್ಮ ತಂದೆಗೆ ಹಾರ್ಟ್ ತೊಂದರೆ ಇತ್ತಾ ಅಂತ. ಅವನು "ಯಾವ ತಂದೆ ಅಂತ ಕೇಳಬೇಕು ಅನ್ನಿಸ್ತು ಕಣೋ" ಅಂದ. ಆಮೇಲೆ ನನ್ನನ್ನ ಕೇಳಿದ್ದು, ಕಡತ ಎಲ್ಲಿರುತ್ತೆ, ಹೇಗೆ ತೆಗೆಸೋದು. ಈ ಮಾತು ಹುಟ್ಟಿದ್ದೇ ಆ ಪ್ರಶ್ನೆಯಿಂದ.

ಎಲ್ಲಿರುತ್ತೆ ಅನ್ನೋದು ಇಸವಿ ಮೇಲೆ, ಧರ್ಮದ ಮೇಲೆ, ದಾರಿ ಮೇಲೆ ನಿಂತಿದೆ. ಸಂಬಂಧಿಕರ ನಡುವೆ ಆದ ಹಿಂದೂ ದತ್ತಕ ಆದ್ರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ದತ್ತಕ ಪತ್ರ ನೋಂದಣಿ ಆಗಿರಬಹುದು. ಜಮೀನಿನ ಪತ್ರಗಳಿರೋ ಒಂದನೇ ಪುಸ್ತಕವನ್ನ ಯಾರು ಬೇಕಾದ್ರೂ ನೋಡಬಹುದು. ದತ್ತಕ ಪತ್ರ ಇರೋದು ನಾಲ್ಕನೇ ಪುಸ್ತಕದಲ್ಲಿ, ಅದರ ನಕಲು ಪತ್ರ ಬರೆದುಕೊಟ್ಟವರಿಗೆ ಅಥವಾ ಅದರಿಂದ ಹಕ್ಕು ಬರೋವರಿಗೆ ಮಾತ್ರ. ದತ್ತು ಹೋದ ಮಗುವೇ ಹಕ್ಕು ಬರೋ ವ್ಯಕ್ತಿ ಅಲ್ವಾ, ಹಾಗಾಗಿ ಧೈರ್ಯವಾಗಿ ಅರ್ಜಿ ಕೊಡಿ. ಕ್ರೈಸ್ತ ಕುಟುಂಬ ಅಥವಾ ವಿದೇಶಕ್ಕೆ ಹೋದ ಮಗು ಆದ್ರೆ ಜಿಲ್ಲಾ ಕೋರ್ಟಿನ ಪೋಷಕತ್ವದ ಅರ್ಜಿ ಹುಡುಕಬೇಕು. 1984ರ ನಂತರದ್ದಾದ್ರೆ ಅದರಲ್ಲಿ ಮಗುವಿನ ಅಧ್ಯಯನ ವರದಿಯೂ ಇರಬೇಕು, ನಿಜವಾದ ಮಾಹಿತಿ ಅಲ್ಲಿ ಇರುತ್ತೆ. ಕೋರ್ಟ್ ಕಡತಗಳ ಕೆಲವು ಭಾಗಗಳನ್ನ ನಿಗದಿತ ವರ್ಷಗಳ ಮೇಲೆ ನಾಶ ಮಾಡ್ತಾರೆ, ಆದ್ದರಿಂದ ತಡ ಮಾಡಬಾರದು. ಬಾಲನ್ಯಾಯ ಕಾಯಿದೆ ಬಂದ ಮೇಲಿನದ್ದಾದ್ರೆ ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಮತ್ತು ದತ್ತು ಸಂಸ್ಥೆಯ ಕಡತ. ಸಂಸ್ಥೆಗಳೂ ಶಾಶ್ವತ ಅಲ್ಲ. ಮದರ್ ತೆರೇಸಾ ಅವರ ಮಿಷನರೀಸ್ ಆಫ್ ಚಾರಿಟಿ 2015ರಲ್ಲಿ ಹೊಸ ನಿಯಮ ಒಪ್ಪದೆ ಭಾರತದಲ್ಲಿ ದತ್ತು ಕೊಡೋದನ್ನೇ ನಿಲ್ಲಿಸಿತು. ಕಾಸರಗೋಡಿನವರಿಗೆ ಇನ್ನೊಂದು ಮಾತು: 1956ರ ನವೆಂಬರ್ 1ರ ತನಕ ಅದು ದಕ್ಷಿಣ ಕನ್ನಡ ಜಿಲ್ಲೆ. ಅಜ್ಜ ಅಜ್ಜಿಯ ಕಾಲದ ದತ್ತು ಹುಡುಕೋದಾದ್ರೆ ಮಂಗಳೂರಿನಲ್ಲೂ ವಿಚಾರಿಸಿ.

ಈಗಿನ ನಿಯಮಗಳಲ್ಲಿ ಇದಕ್ಕೆ ಒಂದು ಹೆಸರೇ ಇದೆ, 'ರೂಟ್ ಸರ್ಚ್'. (ಲಿನಕ್ಸ್ ಮಂದಿ ನಗಬೇಡಿ. ರೂಟ್ ಪರ್ಮಿಷನ್ ಅಂತೂ ಕೊಡಲ್ಲ.) 2017ರ ಮತ್ತು 2022ರ ದತ್ತು ನಿಯಮಾವಳಿ ಎರಡರಲ್ಲೂ ಇದೆ. 18 ದಾಟಿದವರು ತಾವೇ ಕಾರಾಗೆ ಅರ್ಜಿ ಹಾಕಬಹುದು, ಸಾಕಿದವರ ಅನುಮತಿ ಬೇಕಿಲ್ಲ. 18ಕ್ಕಿಂತ ಚಿಕ್ಕವರಾದ್ರೆ ಅವರ ಜೊತೆ ಸೇರಿ ಹಾಕಬೇಕು. ಸಂಸ್ಥೆಗೆ ಹೇಗೆ ಬಂದೆ, ಯಾವ ಪರಿಸ್ಥಿತಿಯಲ್ಲಿ, ದತ್ತು ಹೇಗಾಯ್ತು ಅನ್ನೋದನ್ನ ತಿಳಿಸೋಕೆ ಸಂಸ್ಥೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ರಾಜ್ಯ ದತ್ತು ಸಂಪನ್ಮೂಲ ಸಂಸ್ಥೆ ಎಲ್ಲರೂ ನೆರವಾಗಬೇಕು. ಹೆತ್ತವರು ಮಗು ಒಪ್ಪಿಸುವಾಗ ನಮ್ಮ ಹೆಸರು ಹೇಳಬೇಡಿ ಅಂತ ಕೇಳಿಕೊಂಡಿದ್ದರೆ, ಅವರ ಒಪ್ಪಿಗೆ ಕೇಳಬೇಕು. ಅವರು ಬೇಡ ಅಂದ್ರೆ, ಅಥವಾ ಸಿಗದೇ ಹೋದ್ರೆ, ಯಾಕೆ ಒಪ್ಪಿಸಿದರು ಅನ್ನೋ ಕಾರಣ ಮತ್ತು ಸಂದರ್ಭ ಮಾತ್ರ ತಿಳಿಸಬೇಕು. ಮಗುವಿನ ಹಕ್ಕು ಹೆತ್ತವರ ಖಾಸಗಿತನವನ್ನ ಮೀರೋ ಹಾಗಿಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ಮೂರನೆಯವರ ಮೂಲಕ ಹುಡುಕೋಕೆ ಬಿಡಲ್ಲ. ಹಾಗಾಗಿ ಗೆಳೆಯನ ಪರವಾಗಿ ನಾನು ಹೋಗಿ ಕೇಳೋ ಹಾಗಿಲ್ಲ, ಅವನೇ ಹೋಗಬೇಕು.

ಈ ಮೂರನೆಯವರ ನಿಯಮಕ್ಕೆ ಕಾರಣ ಇದೆ. ಪುಣೆಯಲ್ಲಿ 1973ರಲ್ಲಿ ಹುಟ್ಟಿ ಜರ್ಮನಿಗೆ ದತ್ತು ಹೋದ ಅರುಣ್ ಡೋಲೆ ತನ್ನ ಕಡತಕ್ಕಾಗಿ ಬಾಂಬೆ ಹೈಕೋರ್ಟ್, ಸುಪ್ರೀಂ ಕೋರ್ಟ್ ಅಂತ ಹತ್ತು ವರ್ಷಕ್ಕೂ ಮೀರಿ ಅಲೆದು, 2010ರಲ್ಲಿ ತಾಯಿಯನ್ನ ಕಂಡರು. ಆಮೇಲೆ ತಮ್ಮಂಥವರಿಗಾಗಿಯೇ ಸಂಘಟನೆ ಕಟ್ಟಿಕೊಂಡು ಕೆಲಸ ಮಾಡ್ತಿದ್ದಾರೆ. ಭಾಷೆ ಬರದ, ಊರು ಗೊತ್ತಿಲ್ಲದ ಒಬ್ಬ ಸ್ವಿಸ್ ಅಥವಾ ಡಚ್ ಪ್ರಜೆ ಇಲ್ಲಿ ಬಂದು ಯಾರ ಸಹಾಯವೂ ಇಲ್ಲದೆ ಹುಡುಕೋದು ಹೇಗೆ? ಆದರೆ ಬಾಡಿಗೆ ಪತ್ತೇದಾರ ಹಳ್ಳಿಗೆ ಹೋಗಿ ಅಂಗಡಿ ಮುಂದೆ ನಿಂತು ಇಂಥವಳು ಮದುವೆಗೆ ಮುಂಚೆ ಹೆತ್ತಿದ್ದಳಾ ಅಂತ ಕೇಳಿದರೆ ಆಗೋ ಅನಾಹುತವೂ ಅಷ್ಟೇ ನಿಜ.

ವಿದೇಶಿ ದತ್ತುವಿನ ಕಡತಗಳ ಸ್ಥಿತಿ ಗೊತ್ತಾಗಬೇಕಾದ್ರೆ ಸ್ವಿಟ್ಜರ್ಲೆಂಡ್ ನೋಡಿ. 1973ರಿಂದ 2002ರ ತನಕ ಭಾರತದಿಂದ 2 ಸಾವಿರಕ್ಕೂ ಹೆಚ್ಚು ಮಕ್ಕಳು ಅಲ್ಲಿಗೆ ಹೋದರು. ಜ್ಯೂರಿಕ್ ಮತ್ತು ಥುರ್ಗಾವ್ ಪ್ರಾಂತ್ಯಗಳ ಕಡತಗಳನ್ನ ಸಂಶೋಧಕಿಯರು ತೆಗೆದು ನೋಡಿ 2024ರಲ್ಲಿ ಪುಸ್ತಕ ತಂದರು. ಪರಿಶೀಲಿಸಿದ ಕಡತಗಳಲ್ಲಿ ಹೆತ್ತವರ ಒಪ್ಪಿಗೆ ಪತ್ರ ಇರಲಿಲ್ಲ. ಪುಸ್ತಕದ ಹೆಸರೇ 'ತಾಯಿ ಅಜ್ಞಾತ' ಅನ್ನೋ ಅರ್ಥದ್ದು.

ಇಂಗ್ಲೆಂಡಿನಲ್ಲಿ 1975ರಲ್ಲಿ ಕಾಯಿದೆ ಬದಲಿಸಿ, 18 ದಾಟಿದ ದತ್ತು ಮಕ್ಕಳಿಗೆ ಮೂಲ ಜನನ ಪತ್ರ ನೋಡೋ ಹಕ್ಕು ಕೊಟ್ಟರು. ಸ್ಕಾಟ್ಲೆಂಡಿನಲ್ಲಿ ಅದು 1930ರಿಂದಲೇ ಇತ್ತು. ಆದರೆ ಹಳೆಯ ತಾಯಂದಿರಿಗೆ ಗುಟ್ಟು ಕಾಪಾಡ್ತೀವಿ ಅಂತ ಮಾತು ಕೊಟ್ಟಾಗಿತ್ತಲ್ಲ? ಅದಕ್ಕೆ ಕಾಯಿದೆಗೆ ಮುಂಚೆ ದತ್ತು ಹೋದವರು ಮೊದಲು ಒಬ್ಬ ಸಲಹೆಗಾರರ ಜೊತೆ ಕೂತು ಮಾತಾಡಲೇಬೇಕು ಅಂತ ಷರತ್ತು ಹಾಕಿದರು. ನನಗೆ ಈ ದಾರಿ ನಮ್ಮದಕ್ಕಿಂತ ಮೇಲು ಅನ್ನಿಸುತ್ತೆ. ನಮ್ಮಲ್ಲಿ 19ನೇ ವಯಸ್ಸಿನಲ್ಲಿ ಹೆದರಿ ಸಹಿ ಹಾಕಿದ ಹುಡುಗಿಯ ಮಾತೇ ಅವಳಿಗೆ 50 ಆದಾಗಲೂ ಕಡತದಲ್ಲಿ ಕೂತಿರುತ್ತೆ. ಸಹಿ ಹಾಕಿ 60 ದಿನದೊಳಗೆ ಮನಸ್ಸು ಬದಲಿಸಿದರೆ ಮಗು ವಾಪಸ್ ಪಡೀಬಹುದು. ಅದಾದ ಮೇಲೆ ರೂಟ್ ಸರ್ಚ್ ನಿಯಮದಲ್ಲಿ ಕೇಳೋ ಅವಕಾಶ ಇರೋದು ಮಗುವಿಗೆ ಮಾತ್ರ. ಈಗ ನನ್ನ ಹೆಸರು ಹೇಳಿ, ಪರವಾಗಿಲ್ಲ ಅಂತ ತಾಯಿ ತಾನಾಗಿ ಬಂದು ಬರೆದಿಡೋಕೆ ಒಂದು ಕಾಲಂ ಇಟ್ಟರೆ ಏನು ಖರ್ಚು? ಒಂದು ಫೀಲ್ಡ್ ಅಷ್ಟೇ ತಾನೆ.

ಕಡತ ಇಲ್ಲದವರಿಗೆ ಡಿಎನ್‌ಎ ಒಂದು ದಾರಿ. ನಮ್ಮ ಕಡೆಯವರಿಗೆ ಇದರಲ್ಲಿ ಒಂದು ತೊಡಕಿದೆ, ಅದನ್ನ ಯಾರೂ ಹೇಳಲ್ಲ. ವಂಶ ಹುಡುಕೋ ಕಂಪನಿಗಳು ಹಂಚಿಕೊಂಡ ಡಿಎನ್‌ಎಯನ್ನ ಸೆಂಟಿಮಾರ್ಗನ್ ಅಳತೆಯಲ್ಲಿ ಹೇಳ್ತವೆ. ತಾಯಿ ಮಗು ನಡುವೆ ಸುಮಾರು 3,400, ಒಡಹುಟ್ಟಿದವರಲ್ಲಿ 2,600, ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳಲ್ಲಿ 850ರ ಆಸುಪಾಸು, ಅದರ ಮುಂದಿನ ತಲೆಮಾರಿನಲ್ಲಿ 230ರ ಸುತ್ತ. ಈ ಅಂದಾಜುಗಳು ಸಂಬಂಧದಲ್ಲಿ ಮದುವೆ ಆಗದವರ ಲೆಕ್ಕ. ನಮ್ಮಲ್ಲಿ ಸೋದರಮಾವನಿಗೆ ಕೊಡೋದು, ಅತ್ತೆ ಮಗನಿಗೆ ಕೊಡೋದು ತಲೆತಲಾಂತರದಿಂದ ಇದೆ. ಹಾಗಾಗಿ ದೂರದ ಸಂಬಂಧಿ ಕೂಡ ಹತ್ತಿರದವರ ಹಾಗೆ ಕಾಣ್ತಾರೆ. 300 ಬಂತು ಅಂತ ಹಾರಿ ಬಿದ್ದು ಯಾರದೋ ಮನೆಗೆ ಫೋನ್ ಮಾಡಬೇಡಿ. ಸಣ್ಣ ಸಣ್ಣ ತುಣುಕುಗಳ ಮೊತ್ತಕ್ಕಿಂತ ಅತಿ ಉದ್ದದ ತುಣುಕು ಎಷ್ಟು ಅಂತ ನೋಡಿ. ಈ ಡೇಟಾಬೇಸ್‌ಗಳಲ್ಲಿ ಹೆಚ್ಚಿರೋದು ಯುರೋಪ್ ಮೂಲದವರು, ಭಾರತೀಯರು ಕಡಿಮೆ. ಸಿಗೋ ಸಂಬಂಧಿ ಬಹುಶಃ ನ್ಯೂಜೆರ್ಸಿಯಲ್ಲೋ ಸನ್ನಿವೇಲ್‌ನಲ್ಲೋ ಇರೋ ಎಂಜಿನಿಯರ್ ಆಗಿರ್ತಾರೆ, ಅವರಿಗೆ ತಮ್ಮ ಚಿಕ್ಕಮ್ಮನ ಹಳೇ ಗುಟ್ಟು ಗೊತ್ತಿರೋ ಸಾಧ್ಯತೆ ಕಡಿಮೆ. 23ಅಂಡ್‌ಮಿ ಕಂಪನಿ 2025ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು ಅನ್ನೋದೂ ನೆನಪಿರಲಿ. ಎಂಜಲು ಕೊಟ್ಟ ಮೇಲೆ ಆ ಡೇಟಾ ಮುಂದೆ ಯಾರ ಕೈ ಸೇರುತ್ತೆ ಅಂತ ಹೇಳೋಕಾಗಲ್ಲ.

ಗೆಳೆಯ ಅರ್ಜಿ ಹಾಕಿದ್ದಾನೆ. ಹುಟ್ಟಿದ್ದು ಕೇರಳದಲ್ಲಿ ಅಂತ ಮನೆಯವರು ಹೇಳಿದ್ದರಿಂದ ಕಡತ ಮಲಯಾಳದಲ್ಲಿ ಬಂದರೆ ಓದಿಕೊಡು ಅಂದಿದ್ದಾನೆ. ಅರ್ಜಿ ಜೊತೆ ತಾಯಿಗೆ ತಲುಪಿಸಿ ಅಂತ ಒಂದು ಪತ್ರ ಇಡೋ ಆಸೆ ಅವನಿಗಿತ್ತು. ಮೊದಲ ಕರಡಿನಲ್ಲಿ "ಅಮ್ಮಾ, ನಾನು ನಿಮ್ಮ ಮಗ" ಅಂತ ಶುರು ಮಾಡಿದ್ದ. ಆ ಪತ್ರವನ್ನ ಅವಳ ಮನೆಯಲ್ಲಿ ಮೊದಲು ಒಡೆಯೋದು ಯಾರು ಅಂತ ಕೇಳಿದೆ. ಈಗ ಪತ್ರದಲ್ಲಿ ಇರೋದು ನಾಲ್ಕು ಸಾಲು: ಆರೋಗ್ಯವಾಗಿದ್ದೀನಿ, ಓದಿಸಿದ್ದಾರೆ, ಕೆಲಸ ಇದೆ, ಮನೆಯಲ್ಲಿ ಯಾರಿಗಾದ್ರೂ ಹೃದಯದ ತೊಂದರೆ ಇತ್ತಾ ಅಂತ ಅಧಿಕಾರಿಗೆ ಹೇಳಿದರೂ ಸಾಕು. ಕೊನೆಗೆ ಅವನ ಹೆಸರೂ ಇಲ್ಲ, ಫೋನ್ ನಂಬರೂ ಇಲ್ಲ, ಅರ್ಜಿಯ ನಂಬರ್ ಮಾತ್ರ ಇದೆ.